ಹಿಮದ ಗಾಡಿಗೆ ಅರಸೀಕೆರೆಯ ರನ್ನರು

ಆ ಸಲ ರಜೆಗೆ ಬಂದಾಗ ನನ್ನ ಕಣ್ಣು ಮನುಷ್ಯರ ಮುಖದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಯಾವ ಗಾಡಿ ಎದುರಿಗೆ ಬಂದರೂ ಅದರ ಮುಂದಿನ ಚಕ್ರದ ಮೇಲೆ ಹೋಗಿ ಕೂರುತ್ತಿತ್ತು. ಅರಸೀಕೆರೆ ಸ್ಟೇಷನ್ನಿನ ಮುಂದೆ ಆಟೋ ತಿರುಗಿದರೂ ಸರಿ, ಕೊಬ್ಬರಿ ಮೂಟೆ ಹೇರಿದ ಲಾರಿ ಮಂಡಿಯ ಗೇಟಿಗೆ ಒರಗಿದಂತೆ ಬಂದರೂ ಸರಿ, ನಾನು ನಿಂತು ನೋಡುತ್ತಿದ್ದೆ. ಹಿಡಿತ ಇದೆಯೋ ಇಲ್ಲವೋ, ಚಕ್ರ ತಿರುಗಿದ ಕಡೆಗೇ ಗಾಡಿ ತಿರುಗಿತೋ ಇಲ್ಲವೋ. ಹೆಂಡತಿ ನಾಲ್ಕು ದಿನ ನೋಡಿದಳು, ಐದನೇ ದಿನ ಕೇಳಿಯೇ ಬಿಟ್ಟಳು.

"ರೀ, ಎರಡು ತಿಂಗಳು ರಜ ಹಾಕ್ಕೊಂಡು ಬಂದಿರೋದು ಬಸ್ಸಿನ ಟೈರು ನೋಡೋಕಾ? ಮಗು ನಿಮ್ಮ ಹತ್ರ ಏನೋ ಹೇಳ್ತಾ ಐತೆ, ಅದರ ಕಡೆ ನೋಡಿ."

ಮಗಳಿಗೆ ಆಗ ಮೂರು ವರ್ಷ. ಅವಳು ಏನು ಹೇಳುತ್ತಿದ್ದಳೋ ನನಗೆ ಈಗಲೂ ಗೊತ್ತಿಲ್ಲ.

ನಾನು ಸೈನ್ಯದಲ್ಲಿ ಮೆಕ್ಯಾನಿಕ್ಕು. ತೊಂಬತ್ತರ ದಶಕದ ಕೊನೆಯ ಕೆಲವು ವರ್ಷ ನನ್ನನ್ನು ಉತ್ತರದ ಬೆಟ್ಟಗಳ ಮೇಲೆ, ವರ್ಷವಿಡೀ ಹಿಮ ಕರಗದ ಜಾಗಕ್ಕೆ ಹಾಕಿದ್ದರು. ಅಲ್ಲಿ ಕೆಲಸ ಸ್ನೋ ಸ್ಕೂಟರಿನ ರಿಪೇರಿ. ಊರಲ್ಲಿ ಇದನ್ನು ಹೇಳಿದರೆ ಜನ ಹಲ್ಲು ಕಿರಿಯುತ್ತಿದ್ದರು, ಐಸ್ ಮೇಲೆ ಸ್ಕೂಟರ್ ಓಡಿಸ್ತಾರಂತೆ ಅಂತ. ಅದು ಸ್ಕೂಟರ್ ಅಲ್ಲ. ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟೆ ಉರುಳುತ್ತದೆ, ಅದು ಗಾಡಿಯನ್ನು ನೂಕುತ್ತದೆ. ಮುಂದೆ ಎರಡು ಜಾರುಹಲಗೆ, ಅದಕ್ಕೆ ಸ್ಕೀ ಅನ್ನುತ್ತಾರೆ. ಹ್ಯಾಂಡಲ್ ತಿರುಗಿಸಿದರೆ ಆ ಸ್ಕೀಗಳು ತಿರುಗುತ್ತವೆ. ಆದರೆ ನುಣುಪು ಹಲಗೆ ತಿರುಗಿದ ಮಾತ್ರಕ್ಕೆ ಗಾಡಿ ತಿರುಗಬೇಕು ಅಂತೇನಿಲ್ಲವಲ್ಲ. ಅದಕ್ಕೇ ಪ್ರತಿ ಸ್ಕೀಯ ಕೆಳಗೂ ಉದ್ದಕ್ಕೆ ಒಂದು ಕಬ್ಬಿಣದ ಸರಳು, ಅದೇ ರನ್ನರು. ಆ ರನ್ನರಿನ ನಡುವೆ ಕಾರ್ಬೈಡಿನ, ಅಂದರೆ ಉಕ್ಕಿಗಿಂತ ಗಟ್ಟಿಯಾದ ವಸ್ತುವಿನ, ಚೂಪು ಅಂಚು ಕೂರಿಸಿರುತ್ತಾರೆ. ಗಟ್ಟಿ ಐಸನ್ನು ಕಚ್ಚುವುದು ಆ ಅಂಚು ಮಾತ್ರ. ಅದು ಕಚ್ಚದಿದ್ದರೆ ಓಡಿಸುವವನು ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತದೆ.

ಹಿಂದಿನ ಚಳಿಗಾಲದಲ್ಲಿ ಹಾಗೇ ಹೋಗಿತ್ತು. ನನ್ನ ತಲೆ ಕೆಡಿಸಿದ್ದು ಅದೇ.

ಆ ಗಾಡಿಯ ಡ್ರೈವರು ನಮ್ಮ ಕಡೆಯವನೇ, ಬೇಲೂರಿನಾಚೆಯ ಬಿಕ್ಕೋಡಿನವನು. ಸೈನ್ಯಕ್ಕೆ ಸೇರುವ ಮೊದಲು ಕಾಫಿ ತೋಟದ ಜೀಪು ಓಡಿಸುತ್ತಿದ್ದನಂತೆ. ನನಗಿಂತ ಆರೇಳು ವರ್ಷ ಚಿಕ್ಕವನು. ಅಷ್ಟು ದೂರದಲ್ಲಿ ಕನ್ನಡ ಮಾತಾಡಲು ನನಗೆ ಅವನು, ಅವನಿಗೆ ನಾನು. ಎಲ್ಲರಂತೆ ಅವನೂ ನನ್ನನ್ನು ಉಸ್ತಾದ್ ಅನ್ನುತ್ತಿದ್ದ, ಅಲ್ಲಿ ಮೆಕ್ಯಾನಿಕ್ಕನ್ನು ಕರೆಯುವುದೇ ಹಾಗೆ. ಸ್ಟೋರಿನಲ್ಲಿ ಎರಡು ಥರದ ರನ್ನರು ಇದ್ದವು. ಒಂದರಲ್ಲಿ ಕಾರ್ಬೈಡು ನಾಲ್ಕು ಬೆರಳಿನಷ್ಟು, ಇನ್ನೊಂದರಲ್ಲಿ ಗೇಣುದ್ದ. ನಾನು ಗಿಡ್ಡದ್ದು ಹಾಕಿದೆ. ಹ್ಯಾಂಡಲ್ ಹಗುರವಾಗಿರುತ್ತದೆ ಎಂದು ಎಲ್ಲರಿಗೂ ಹೇಳಿದೆ, ಅದು ಸುಳ್ಳೂ ಅಲ್ಲ. ಆದರೆ ಒಳಗಿನ ಕಾರಣ ಬೇರೆ ಇತ್ತು. ಉದ್ದದ್ದು ಹಾಕಿದರೆ ಸ್ಕೀಯ ಕೀಲು ಬೇಗ ಸವೆಯುತ್ತದೆ, ಆ ಚಳಿಯಲ್ಲಿ ಬರಿಗೈಯಲ್ಲಿ ಅದನ್ನು ಬಿಚ್ಚುವ ಕರ್ಮ ನನ್ನದು.

ಒಂದು ವಾರ ಓಡಿಸಿ ಅವನು ಬಂದು ಹೇಳಿದ, "ಉಸ್ತಾದ್, ಮುಂದಿನದು ಕಚ್ತಾ ಇಲ್ಲ." ನಾನು ಸ್ಪ್ಯಾನರ್ ಕೆಳಗಿಡದೇ ಅಂದೆ, "ಕೈ ಪಳಗ್ಲಿ ಕಣೋ, ಸರಿ ಹೋಗ್ತದೆ. ನಿಮ್ಮ ತೋಟದ ಜೀಪಲ್ಲ ಇದು." ಅವನು ಮತ್ತೆ ಹೇಳಲಿಲ್ಲ. ಮೂರು ದಿನ ಬಿಟ್ಟು, ಬಲಕ್ಕೆ ತಿರುಗುವ ಒಂದು ಕಡೆ, ಹ್ಯಾಂಡಲ್ ತಿರುಗಿತು, ಗಾಡಿ ತಿರುಗಲಿಲ್ಲ. ಇಳಿಜಾರಿಗೆ ಹೋಗಿ ಬಂಡೆಗೆ ಬಡಿಯಿತು. ಅವನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ವಿಚಾರಣೆಯಲ್ಲಿ ಐಸು ಗಟ್ಟಿಯಾಗಿದ್ದೇ ಕಾರಣ ಅಂತ ಬರೆದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಅವನು ಮೂರು ದಿನ ಮುಂಚೆ ಬಂದು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಅವನನ್ನು ಕೆಳಗಿನ ಆಸ್ಪತ್ರೆಗೆ ಕಳಿಸಿದರು, ಅಲ್ಲಿಂದ ಮನೆಗೆ. ಕಾಲು ಕೂಡಿದೆ, ನನ್ನ ರಜೆ ಮುಗಿಯುವ ಹೊತ್ತಿಗೆ ಅವನೂ ವಾಪಸ್ಸು ಬಂದು ಅದೇ ಗಾಡಿ ಹತ್ತುತ್ತಾನೆ ಅಂತ ನಮ್ಮಲ್ಲಿ ಮಾತಿತ್ತು. ಅಷ್ಟರಲ್ಲಿ ಆ ಗಾಡಿಗೆ ಸರಿಯಾದ ರನ್ನರು ಆಗಬೇಕು, ಇಲ್ಲದಿದ್ದರೆ ನಾನು ಅವನ ಮುಖ ನೋಡುವ ಹಾಗಿಲ್ಲ. ಉದ್ದದ್ದು ಸ್ಟೋರಿನಲ್ಲಿ ಮುಗಿದಿತ್ತು. ಬರೆದು ಕಳಿಸಿದ ಸಾಮಾನು ಬರುವ ಹೊತ್ತಿಗೆ ಇನ್ನೊಂದು ಚಳಿಗಾಲ ಕಳೆದಿರುತ್ತದೆ. ನನ್ನ ಮೇಲಿನವರು, "ನಿಮ್ಮೂರಲ್ಲಿ ಲೇತ್ ಇದ್ದರೆ ಮಾಡಿಸಿ ತಾ, ನೋಡೋಣ" ಅಂದಿದ್ದರು. ಸವೆದ ಒಂದು ರನ್ನರು, ಹೊಸ ಗಿಡ್ಡ ರನ್ನರು ಒಂದು, ಎರಡನ್ನೂ ಟ್ರಂಕಿನ ತಳದಲ್ಲಿ ಪಂಚೆಯಲ್ಲಿ ಸುತ್ತಿ ತಂದಿದ್ದೆ.

ಅರಸೀಕೆರೆಯಲ್ಲಿ ಲೇತಿನ ಅಂಗಡಿ ಇಟ್ಟಿದ್ದ ಆಚಾರ್ರು ನಮ್ಮಪ್ಪನ ಕಾಲದಿಂದ ಗೊತ್ತು. ಅವರಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದವರು. ಇವರು ಟ್ರ್ಯಾಕ್ಟರಿನ ಪಿನ್ನು, ಮೋಟಾರಿನ ಶಾಫ್ಟು ಕಡೆಯುವವರು. ಲೇತಿನಲ್ಲಿ ಕಬ್ಬಿಣ ಕಡೆಯಲು ಅವರೂ ಕಾರ್ಬೈಡ್ ಟಿಪ್ ಬಳಸುತ್ತಾರೆ, ಅದನ್ನು ಹಿತ್ತಾಳೆ ಬೆಸುಗೆಯಲ್ಲಿ ಕೂರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ರಜೆಯ ಒಂದು ತಿಂಗಳು ಹಾಗೇ ಕಳೆದು ಕೊನೆಗೆ ನಾನು ತಂದುಕೊಟ್ಟ ಮಾದರಿಯನ್ನು ತಿರುಗಿಸಿ ನೋಡಿ, ಕನ್ನಡಕ ಹಣೆಗೇರಿಸಿ ಕೇಳಿದರು.

"ಇದು ಯಾತಕ್ಕಪ್ಪಾ?"

"ಐಸ್ ಮೇಲೆ ಜಾರೋ ಗಾಡಿಗೆ. ಹಿಂಗೇ ನಾಕು ಬೇಕು, ಎರಡು ಹಾಕೋಕೆ, ಎರಡು ಇಟ್ಕೊಳ್ಳೋಕೆ. ಕಾರ್ಬೈಡು ಮಾತ್ರ ಗೇಣುದ್ದ."

"ಜಾರೋ ಗಾಡಿನಾ," ಅಂದರು. "ಆಯ್ತು, ಹದಿನೈದು ದಿನ ಬಿಟ್ಟು ಬಾ."

ಅಷ್ಟೇ ನಾನು ಹೇಳಿದ್ದು. ಮುರಿದ ಕಾಲಿನ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಆ ಹದಿನೈದು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಿದೆ. ಮಗಳ ಮುಡಿ ಕೊಡುವ ಹರಕೆ ಇದೆ ಅಂತ ಮಾಲೇಕಲ್ಲು ಬೆಟ್ಟ ಹತ್ತಿಸಿದರು. ಎಲ್ಲರೂ ಒಂದೊಂದು ಮೆಟ್ಟಿಲಿಗೆ ದೇವರ ಹೆಸರು ಹೇಳಿದರೆ ನಾನು ನಾಲ್ಕು ಬೆರಳು, ಗೇಣು, ನಾಲ್ಕು ಬೆರಳು, ಗೇಣು ಅಂತ ಹತ್ತಿದೆ. ಮೇಲೆ ಹೋದ ಮೇಲೆ ಮಗಳು ಬೋಳು ತಲೆ ಮುಟ್ಟಿಕೊಂಡು ಅಳುತ್ತಿದ್ದಳು, ಎತ್ತಿಕೋ ಅಂತ ಹೆಂಡತಿ ಎರಡು ಸಲ ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ಮೂರನೇ ಸಲ ಅವಳು ಹೇಳಲಿಲ್ಲ. ತಾನೇ ಎತ್ತಿಕೊಂಡು ಇಳಿಯತೊಡಗಿದಳು.

ಆಮೇಲೆ ಹಳೇಬೀಡಿನ ಅವಳ ತವರಿಗೆ ಹೋದೆವು. ಅವಳ ತಮ್ಮ ಬಳಪದ ಕಲ್ಲಿನಲ್ಲಿ ಸಣ್ಣ ಸಣ್ಣ ವಿಗ್ರಹ ಕೆತ್ತಿ ಪ್ರವಾಸಿಗಳಿಗೆ ಮಾರುವವನು, ಒಳ್ಳೆಯ ಮನುಷ್ಯ. ಭಾವ ಬಂದರು ಅಂತ ಹುಲಿಕೆರೆಯ ಕೊಳಕ್ಕೆ ಕರೆದುಕೊಂಡು ಹೋದ. ಮಳೆ ಹನಿಯುತ್ತಿತ್ತು, ಮೆಟ್ಟಿಲ ಮೇಲೆ ಪಾಚಿ. ಮಗಳು ಇಳಿಯುತ್ತೇನೆ ಅಂದಾಗ ನಾನು ಅವಳ ರಟ್ಟೆ ಹಿಡಿದು ಎಷ್ಟು ಜೋರಾಗಿ ಎಳೆದೆ ಅಂದರೆ ಬೆರಳಿನ ಗುರುತು ಮೂಡಿತು. "ಜಾರುತ್ತೆ ಅಂತ ಗೊತ್ತಾಗಲ್ವಾ?" ಅಂತ ಕಿರುಚಿದೆ. ಮೂರು ವರ್ಷದ ಮಗುವಿಗೆ. ಭಾವಮೈದುನ ಬೇರೆ ಕಡೆ ನೋಡಿದ.

ಹಳೇಬೀಡಿನಿಂದ ಬೇಲೂರು ಎಷ್ಟರ ದೂರ? ಬೇಲೂರಿನಿಂದ ಬಿಕ್ಕೋಡಿಗೆ ಜೀಪು ಸಿಗುತ್ತದೆ. ಮೂರು ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಬಂದು ನಿಂತೆ. ಬೇಲೂರಿನ ಬಸ್ಸು ಬಂತು, ಕಂಡಕ್ಟರು ಕೂಗಿದ, ಬಸ್ಸು ಹೋಯಿತು. ಮೂರು ದಿನವೂ ನಾನು ಬಾಳೆಹಣ್ಣು ತೆಗೆದುಕೊಂಡು ಮನೆಗೆ ವಾಪಸ್ಸು ಬಂದೆ. ರನ್ನರು ಕೈಗೆ ಬರಲಿ, ತೋರಿಸಿಕೊಂಡೇ ಹೋಗೋಣ, ಬರಿಗೈಯಲ್ಲಿ ಹೋಗಿ ಏನು ಮಾತಾಡುವುದು ಅಂತ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಗೆ ಎಷ್ಟು ಚೆನ್ನಾದ ಅಂಗಿ ತೊಡಿಸಬಹುದು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಹದಿನೈದು ದಿನಕ್ಕೆ ಸರಿಯಾಗಿ ಆಚಾರ್ರ ಅಂಗಡಿಗೆ ಹೋದೆ. ನಾಲ್ಕೂ ರನ್ನರನ್ನು ಒಂದು ಶುಭ್ರ ಬಟ್ಟೆಯ ಮೇಲೆ ಜೋಡಿಸಿ ಇಟ್ಟಿದ್ದರು. ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬೆಸುಗೆ ಎಲ್ಲಿದೆ ಅಂತ ಹುಡುಕಬೇಕು. ಗೇಣುದ್ದದ ಕಾರ್ಬೈಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಬೆರಳಿಟ್ಟೆ. ಅಂಚೇ ಇಲ್ಲ. ಇದ್ದ ಅಂಚನ್ನೆಲ್ಲ ಹಸಿರು ಸಾಣೆಕಲ್ಲಿನಲ್ಲಿ ತಿಕ್ಕಿ ತಿಕ್ಕಿ ದುಂಡು ಮಾಡಿಟ್ಟಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಎಪ್ಪತ್ತು ದಾಟಿದ ಹಿರಿಯರು ಅನ್ನುವುದನ್ನೂ ನೋಡದೆ ಬಾಯಿಗೆ ಬಂದಂತೆ ಅಂದೆ. ಕಣ್ಣು ಕಾಣಿಸಲ್ಲವಾ ಅಂದೆ, ಮಾದರಿ ಕೊಟ್ಟಿದ್ದು ಯಾತಕ್ಕೆ ಅಂದೆ. ಇಷ್ಟು ವರ್ಷ ಲೇತ್ ಮುಂದೆ ನಿಂತು ಏನು ಕಲಿತಿರಿ ಅಂತಲೂ ಅಂದೆ, ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅವರು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಜಾರೋ ಗಾಡಿ ಅಂದ್ಯಲ್ಲಪ್ಪ," ಅಂದರು. "ಆ ಚೂಪು ಜಾರೋದಕ್ಕೆ ಅಡ್ಡ ಬರ್ತಿತ್ತು. ಮಾಡ್ದೋನು ಸಾಣೆ ಹಿಡಿಯೋಕೆ ಸೋಮಾರಿತನ ಮಾಡವ್ನೆ ಅಂದ್ಕೊಂಡೆ. ನಾಲ್ಕು ದಿನ ಹಿಡೀತು ಅದನ್ನ ನುಣ್ಣಗೆ ಮಾಡೋಕೆ."

ಆಮೇಲೆ ನಿಧಾನವಾಗಿ ಹೇಳಿದರು. ಅವರಪ್ಪ ಚಕ್ರಕ್ಕೆ ಪಟ್ಟಿ ಬಿಗಿದ ಮೇಲೆ ಅಂಗೈಯನ್ನು ಅದರ ಸುತ್ತ ಒಂದು ಸಲ ಸವರುತ್ತಿದ್ದರಂತೆ. ಬೆಸುಗೆಯ ಕಡೆ ಅಂಗೈಗೆ ಒಂಚೂರು ತಡೆದರೂ ಗಾಡಿ ಕೊಡುತ್ತಿರಲಿಲ್ಲ, ಮತ್ತೆ ತಿಕ್ಕುತ್ತಿದ್ದರು. ಅಲ್ಲಿ ತಡೆದದ್ದು ಎತ್ತಿನ ಹೆಗಲಿಗೆ ಹೋಗುತ್ತೆ ಅಂತ. ನೆಲದ ಮೇಲೆ ಹೋಗುವ ಯಾವ ಕಬ್ಬಿಣವನ್ನೂ ಅಂಗೈ ಸವರದೆ ಈ ಅಂಗಡಿಯಿಂದ ಆಚೆ ಕಳಿಸಿದ್ದಿಲ್ಲ ಅಂದರು. ನನ್ನದನ್ನೂ ಹಾಗೇ ಸವರಿದ್ದಾರೆ. ಅಂಗೈ ತಡೆಯಿತು, ತೆಗೆದರು.

ನನ್ನ ಸಿಟ್ಟು ಇಳಿದುಹೋಯಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಅಂಚು ಯಾಕೆ ಬೇಕು, ಗಿಡ್ಡದ್ದು ಯಾಕೆ ಹಾಕಿದೆ, ಆ ಹುಡುಗ ಬಂದು ಏನಂದ, ನಾನು ಏನಂದೆ, ಆಮೇಲೆ ಏನಾಯಿತು. ಹೆಂಡತಿಗೂ ಹೇಳದ್ದನ್ನೆಲ್ಲ ಅವರ ಮುಂದೆ ಇಟ್ಟೆ. ಆಚಾರ್ರು ನೀರು ಕೊಟ್ಟರು.

"ಈಗ ಗೇಣುದ್ದ ಅಂದಿದ್ದೀಯಲ್ಲ, ಅದು ಯಾರು ಹೇಳಿದ ಅಳತೆ?"

"ನಾನೇ."

"ಆ ಹುಡುಗುನ್ನ ಕೇಳ್ದ್ಯಾ?"

"ಇಲ್ಲ."

"ಎತ್ತಿಗೆ ಬಾಯಿಲ್ಲ, ಅದಕ್ಕೆ ನಮ್ಮಪ್ಪ ಅಂಗೈಲಿ ನೋಡ್ತಿದ್ರು," ಅಂದರು. "ನಿಮ್ಮೋನಿಗೆ ಬಾಯೈತಲ್ಲಪ್ಪ. ಹೋಗಿ ಕೇಳ್ಕೊಂಡು ಬಾ. ಆಮೇಲೆ ಹೊಸ ಟಿಪ್ಪು ಕೂರಿಸ್ತೀನಿ, ಎಷ್ಟು ಚೂಪು ಬೇಕಾದ್ರೂ ಇರ್ಲಿ."

ಮಾರನೆಯ ದಿನ ಮೊದಲ ಬಸ್ಸು ಹಿಡಿದೆ. ಹಳೇಬೀಡಿನಲ್ಲಿ ಇಳಿಯಲಿಲ್ಲ. ಬೇಲೂರಿನಲ್ಲಿ ಹದಿನಾಲ್ಕು ಜನ ತುಂಬಿದ ಜೀಪಿನ ಹಿಂದೆ ನೇತಾಡಿಕೊಂಡು ಬಿಕ್ಕೋಡು ಮುಟ್ಟಿದೆ. ಚೀಲದಲ್ಲಿ ಟಿಪ್ಪು ತೆಗೆದ ಒಂದು ರನ್ನರು, ಒಂದು ಸೀಮೆಸುಣ್ಣ.

ಅವನು ಮನೆಯ ಮುಂದೆ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲು ಹೋದ, ಗೋಡೆ ಹಿಡಿದು ಎದ್ದ. ಒಂದು ಕಾಲು ಗಿಡ್ಡವಾಗಿತ್ತು. ಕಾಲು ಕೂಡಿದೆ ಅಂತ ಕೇಳಿದ್ದೆನೇ ಹೊರತು ಹೇಗೆ ಕೂಡಿದೆ ಅಂತ ಕೇಳಿರಲಿಲ್ಲ. ಅವನ ತಾಯಿ ಕಾಫಿ ತಂದುಕೊಟ್ಟು, "ನಿಮ್ಮ ಉಸ್ತಾದ್ ಇವ್ರೇಯಾ?" ಅಂತ ಕೇಳಿ ಒಳಗೆ ಹೋದರು. ನನ್ನ ವಿಷಯ ಆ ಮನೆಯಲ್ಲಿ ಹೇಗೆ ಬಂದಿತ್ತೋ, ಆ ಮುಖದಿಂದ ತಿಳಿಯಲಿಲ್ಲ.

ಕಾಫಿ ಮುಟ್ಟುವ ಮೊದಲೇ ಹೇಳಿಬಿಟ್ಟೆ. "ತಪ್ಪಾಯ್ತು ಕಣೋ. ನೀನು ಹೇಳಿದ್ದೆ, ನಾನು ಕೇಳ್ಲಿಲ್ಲ. ವಿಚಾರಣೆಲೂ ಬಾಯಿ ಬಿಡ್ಲಿಲ್ಲ."

ಅವನು ರಸ್ತೆಯ ಕಡೆ ನೋಡಿದ.

"ರಜಕ್ಕೆ ಬಂದು ಎಷ್ಟು ದಿನ ಆಯ್ತು ಉಸ್ತಾದ್?"

"ನಲವತ್ತೆಂಟು."

"ಬಂದಿದೀರಾ ಅಂತ ಮೇಲಿನ ಹುಡುಗರು ನಂಗೆ ಕಾಗದ ಹಾಕಿದ್ರು. ದಿನಾ ಬೇಲೂರ್ ಜೀಪ್ ಬರೋ ಹೊತ್ಗೆ ಇಲ್ಲೇ ಕೂರ್ತಿದ್ದೆ."

ನನಗೆ ಆ ಬೆಂಚಿನ ಮೇಲೆ ಕೂತಿರಲು ಆಗಲಿಲ್ಲ. ಎದ್ದು ನಿಂತೆ, ಮತ್ತೆ ಕೂತೆ. ಕೈಗೆ ಬೇರೆ ಕೆಲಸ ಬೇಕಾಗಿ ಚೀಲದಿಂದ ರನ್ನರು ತೆಗೆದು ಅವನ ತೊಡೆಯ ಮೇಲಿಟ್ಟೆ. ಸೀಮೆಸುಣ್ಣ ಕೊಟ್ಟೆ. ಎಲ್ಲಿಂದ ಎಲ್ಲಿಗೆ ಕಾರ್ಬೈಡು ಬೇಕು ಗುರುತು ಹಾಕು, ನಿನ್ನ ಕೈಗೆ ಸರಿಯಾಗುವಷ್ಟು, ನಾನು ಬಾಯಿ ಹಾಕಲ್ಲ, ವಾಪಸ್ಸು ಹೋದ ದಿನವೇ ನಿನ್ನ ಗಾಡಿಗೆ ಹಾಕ್ತೀನಿ ಅಂದೆ.

ಅವನು ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತ ಇದ್ದ.

"ನಾನು ವಾಪಸ್ ಬರ್ತಾ ಇಲ್ಲ ಉಸ್ತಾದ್. ಹೋದ ವಾರ ಡಾಕ್ಟ್ರುಗಳು ನೋಡಿ ಬರೆದ್ರು. ಬೆಟ್ಟಕ್ಕೂ ಬೇಡ, ಗಾಡಿಗೂ ಬೇಡ. ಮನೆಗೆ ಕಳಿಸ್ತಾರೆ."

ನಲವತ್ತೆಂಟು ದಿನ ಊರೂರು ಅಲೆದು, ಮಗುವಿನ ರಟ್ಟೆ ಹಿಂಡಿ, ಹಿರಿಯರನ್ನು ಬೈದು, ಒಬ್ಬನ ಕೈಗೆ ಸರಿಯಾಗಲಿ ಅಂತ ಮಾಡಿಸಿದ್ದೆ. ಆ ಕೈ ಇನ್ನು ಹ್ಯಾಂಡಲ್ ಹಿಡಿಯುವುದಿಲ್ಲ. ಮೊದಲ ದಿನವೇ ಬಂದಿದ್ದರೂ ಅವನ ಕಾಲು ಉದ್ದವಾಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಮೊದಲ ದಿನ ಬಂದಿದ್ದರೆ ಅವನು ಒಬ್ಬನೇ ಕೂತು ಜೀಪು ಎಣಿಸಬೇಕಾಗಿರಲಿಲ್ಲ.

ಅವನು ರನ್ನರನ್ನು ಕೈಗೆತ್ತಿಕೊಂಡ. "ಗೇಣುದ್ದ ಬೇಡ, ಕೈ ಸೋತುಹೋಗ್ತದೆ. ಎಂಟು ಬೆರಳು ಸಾಕು. ಆದ್ರೆ ಸ್ಕೀ ತಿರುಗೋ ಬೋಲ್ಟಿಂದ ಮುಂದಕ್ಕೆ ಕಮ್ಮಿ ಇರ್ಲಿ, ಹಿಂದಕ್ಕೆ ಜಾಸ್ತಿ. ಮುಂದೆ ಜಾಸ್ತಿ ಆದ್ರೆ ಕಲ್ಲು ಸಿಕ್ಕಿದ ಕಡೆಗೆಲ್ಲ ಎಳೀತದೆ." ಬೆರಳು ಇಟ್ಟು ಅಳೆದು ಎರಡು ಗೆರೆ ಎಳೆದ. ಗೆರೆ ನೆಟ್ಟಗಿತ್ತು. "ಇದು ನನ್ನ ಕೈ ಲೆಕ್ಕ. ಇನ್ನು ಯಾರು ಕೂರ್ತಾನೋ, ಅವನನ್ನ ಕೇಳಿ. ಅವನು ಹೇಳಿದಾಗ ಸ್ಪ್ಯಾನರ್ ಕೆಳಗಿಡಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಆಚಾರ್ರು ಆ ಗೆರೆಗಳ ಮೇಲೆ ಹೊಸ ಟಿಪ್ಪು ಕೂರಿಸಿದರು. ಈ ಸಲ ಅಂಗೈ ಸವರಲಿಲ್ಲ, ಉಗುರಿನಿಂದ ಮುಟ್ಟಿ ನೋಡಿ ತಲೆಯಾಡಿಸಿದರು. ಅವತ್ತು ಮನೆಗೆ ಬಂದು ಹೆಂಡತಿಗೂ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, "ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮ್ಗೆ?" ಉಳಿದ ದಿನಗಳು ಮಗಳನ್ನು ಎತ್ತಿಕೊಂಡು ತಿರುಗಿದೆ. ಅವಳು ಮೊದಮೊದಲು ನನ್ನ ಹತ್ತಿರ ಬರಲು ಹಿಂದೆಗೆಯುತ್ತಿದ್ದಳು, ಹೊರಡುವ ದಿನವೂ ಅಷ್ಟೇನೂ ಒಗ್ಗಿರಲಿಲ್ಲ.

ಮೇಲೆ ಹೋದಾಗ ಆ ಗಾಡಿಗೆ ಬೇರೆ ಡ್ರೈವರು ಬಂದಿದ್ದ. ನನ್ನ ವಯಸ್ಸಿನವನೇ, ಬೆಟ್ಟದ ಸೀಮೆಯವನು, ಕಡಿಮೆ ಮಾತು. ರನ್ನರು ಹಾಕಿಕೊಟ್ಟೆ. ಎರಡು ದಿನ ಓಡಿಸಿ ಬಂದ. ಮುಂದಿನದು ಹೇಗೆ ಕಚ್ಚುತ್ತದೆ ಅಂತ ನಾನೇ ಕೇಳಿದೆ. ಅವನು ಚೆನ್ನಾಗಿದೆ ಉಸ್ತಾದ್ ಅಂದ, ಮೆಕ್ಯಾನಿಕ್ಕಿಗೆ ಯಾರೂ ಹೇಳುವ ಹಾಗೆ. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಅವನ ಎದುರಿಗೆ ಹೋಗಿ ನಿಂತೆ. ಇನ್ನೊಂದು ಸಲ ಕೇಳಿದೆ. ಅವನು ನನ್ನ ಮುಖ ನೋಡಿದ, ಕೆಳಗಿಟ್ಟ ಸ್ಪ್ಯಾನರ್ ನೋಡಿದ, ಸ್ವಲ್ಪ ಯೋಚಿಸಿ, ಎಡಗಡೆಯದು ತಿರುವಿನಲ್ಲಿ ಒಂಚೂರು ಜಾರುತ್ತದೆ ಅಂದ. ಅಷ್ಟು ಹೇಳುವುದಕ್ಕೆ ಅವನು ಎಷ್ಟು ಹಿಂಜರಿದ ಅಂದರೆ, ಬಿಕ್ಕೋಡಿನವನು ಅವತ್ತು ತಾನೇ ನನ್ನ ಹತ್ತಿರ ನಡೆದು ಬಂದು ಹೇಳಲು ಎಷ್ಟು ಧೈರ್ಯ ಮಾಡಿದ್ದ ಅನ್ನುವುದು ನನಗೆ ಆಗ ಗೊತ್ತಾಯಿತು.